ಜೀನ್ ಎಂದರೆ ಯಾವುದು? ತೋಟಕ್ಕೆ, ಆಸ್ಪತ್ರೆಗೆ, ಪರೀಕ್ಷೆಗೆ ಯಾವ ವ್ಯಾಖ್ಯೆ ಹಿಡಿಯಬೇಕು

ಕೊಡಗಿನಲ್ಲಿ ಜೀನ್ ಎಂಬ ಮಾತು ಈಗ ನಾಲ್ಕು ಕಡೆ ಕಿವಿಗೆ ಬೀಳುತ್ತದೆ. ಅರೇಬಿಕಾ ಕಾಫಿ ಗಿಡ ಹಾಕಲು ಹೊರಟವರು ಎಲೆ ತುಕ್ಕು ತಡೆಯುವ ಜೀನ್ ಯಾವ ತಳಿಯಲ್ಲಿದೆ ಎಂದು ವಿಚಾರಿಸುತ್ತಾರೆ. ಮಗುವಿನ ರಕ್ತಪರೀಕ್ಷೆಯ ವರದಿ ಕೈಗೆ ಬಂದ ತಂದೆತಾಯಿ ಯಾವ ಜೀನಿನಲ್ಲಿ ತೊಂದರೆ ಎಂದು ಕೇಳುತ್ತಾರೆ. ಪಿಯುಸಿ ಮಕ್ಕಳು ಪರೀಕ್ಷೆಯಲ್ಲಿ ಜೀನಿನ ವ್ಯಾಖ್ಯೆ ಬರೆಯಬೇಕು. ಒಕ್ಕದ, ಅಂದರೆ ಕೊಡಗಿನ ತಂದೆಯ ಕಡೆಯ ಮನೆತನದ, ಮೂಲ ಹುಡುಕುವವರು ಎಂಜಲಿನ ಮಾದರಿ ಕಳಿಸಿ ವಂಶದ ವರದಿ ತರಿಸಿಕೊಳ್ಳುತ್ತಾರೆ. ನಾಲ್ವರೂ ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಿದ್ದೇವೆ ಎಂದು ನಂಬಿರುತ್ತಾರೆ. ಗೊಂದಲ ಹುಟ್ಟುವುದು ಅಲ್ಲಿಂದಲೇ.

ಜೀವಶಾಸ್ತ್ರಜ್ಞರಲ್ಲೂ ಇದರ ಬಗ್ಗೆ ಒಮ್ಮತವಿಲ್ಲ. ಮೆಂಡೆಲ್‌ನಿಂದ ಇಲ್ಲಿಯವರೆಗೆ ನೂರೈವತ್ತು ವರ್ಷ ದಾಟಿದೆ, ವ್ಯಾಖ್ಯೆಗಳು ಒಂದರ ಮೇಲೊಂದು ಬಂದಿವೆ, ಹಳೆಯದು ಯಾವುದೂ ಪೂರ್ತಿ ಹೋಗಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್ಲಕ್ಕೂ ಹೊಂದುವ ಒಂದೇ ವ್ಯಾಖ್ಯೆಗಾಗಿ ಕಾಯಬೇಡಿ. ಕೈಯಲ್ಲಿರುವ ಕೆಲಸ ನೋಡಿ ಆರಿಸಿಕೊಳ್ಳಿ. ಆರಿಸಿದ ಮೇಲೆ ಮಾತಿನ ಮಧ್ಯೆ ಇನ್ನೊಂದಕ್ಕೆ ಜಾರಬೇಡಿ. ಎರಡನೆಯದೇ ಹೆಚ್ಚು ಕಷ್ಟ.

ಪೀಳಿಗೆಯಲ್ಲಿ ಎಣಿಸಿ ಹಿಡಿಯುವ ಜೀನ್

ಎಲ್ಲಕ್ಕಿಂತ ಹಳೆಯದು ಇದು. ಗ್ರೆಗರ್ ಮೆಂಡೆಲ್ 1866ರಲ್ಲಿ ತಮ್ಮ ಬಟಾಣಿ ಗಿಡಗಳ ಲೆಕ್ಕ ಪ್ರಕಟಿಸಿದಾಗ ಅವರ ಬಳಿ ಇದ್ದದ್ದು ಎಣಿಕೆ ಮಾತ್ರ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಅಡ್ಡಹಾಯಿಸಿದರೆ ಮೊದಲ ಪೀಳಿಗೆಯಲ್ಲಿ ಸುಕ್ಕು ಕಾಣುವುದಿಲ್ಲ, ಎರಡನೆಯದರಲ್ಲಿ ನಾಲ್ಕರಲ್ಲೊಂದು ಪಾಲು ಮರಳಿ ಬರುತ್ತದೆ. ಹಾಗಿದ್ದರೆ ಒಳಗೆ ಏನೋ ಒಂದು ಅಂಶ ಕರಗದೆ, ಬೆರೆಯದೆ ದಾಟಿಹೋಗುತ್ತಿರಬೇಕು. 1909ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್‌ಸೆನ್ ಅದಕ್ಕೆ ಜೀನ್ ಎಂದು ಹೆಸರಿಟ್ಟರು. ಅದು ಯಾವ ವಸ್ತುವಿನಿಂದ ಆದದ್ದು ಎಂಬ ಊಹೆಯನ್ನು ಬೇಕೆಂದೇ ಹೊರಗಿಟ್ಟರು.

ಕಾಫಿ ಬೆಳೆಗಾರರಿಗೆ ಇಂದಿಗೂ ಕೆಲಸಕ್ಕೆ ಬರುವುದು ಈ ವ್ಯಾಖ್ಯೆಯೇ. ಎಲೆ ತುಕ್ಕಿಗೆ ಕಾರಣವಾದ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಶಿಲೀಂಧ್ರವನ್ನು ತಡೆಯುವ ಅಂಶಗಳಿಗೆ ಎಸ್‌ಎಚ್1ರಿಂದ ಎಸ್‌ಎಚ್9ರವರೆಗೆ ಹೆಸರುಗಳಿವೆ. ಈ ಹೆಸರುಗಳು ಹುಟ್ಟಿದ್ದು ಡಿಎನ್‌ಎ ಓದಿ ಅಲ್ಲ. ಪೋರ್ಚುಗಲ್‌ನ ಓಯ್ರಾಸ್‌ನಲ್ಲಿ 1955ರಲ್ಲಿ ಶುರುವಾದ ಸಂಶೋಧನಾ ಕೇಂದ್ರದಲ್ಲಿ ಲೋಕದ ಬೇರೆ ಬೇರೆ ಕಡೆಯ ಗಿಡಗಳ ಎಲೆಗೆ ಬೇರೆ ಬೇರೆ ಕಡೆಯ ತುಕ್ಕು ಹಚ್ಚಿ, ಯಾವುದಕ್ಕೆ ಯಾವುದು ತಗಲುತ್ತದೆ, ಯಾವುದಕ್ಕೆ ತಗಲುವುದಿಲ್ಲ ಎಂದು ಕೂಡಿಸಿ ಕಳೆದು ಹೊರತೆಗೆದ ಲೆಕ್ಕ ಅದು. ಎಸ್‌ಎಚ್3 ಬಂದದ್ದು ಲಿಬೆರಿಕಾ ಎಂಬ ಕಾಫಿ ಜಾತಿಯಿಂದ. ಎಸ್‌ಎಚ್6ರಿಂದ 9ರವರೆಗಿನವು ಅರೇಬಿಕಾಕ್ಕೂ ರೊಬಸ್ಟಾಕ್ಕೂ ತಾನಾಗಿಯೇ ಹುಟ್ಟಿದ ಟಿಮೋರ್ ಹೈಬ್ರಿಡ್ ಮೂಲಕ ಬಂದವು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ಸಿದ್ಧವಾದ ಎಸ್.795, ಲಿಬೆರಿಕಾದ ಅಂಶ ಹೊತ್ತ ಎಸ್.288 ಮತ್ತು ಕೆಂಟ್ ಎಂಬ ಹಳೆಯ ತಳಿ ಇವುಗಳ ಅಡ್ಡತಳಿ. ಅದರಲ್ಲಿ ಎಸ್‌ಎಚ್2, ಎಸ್‌ಎಚ್3 ಎರಡೂ ಇವೆ. 2007ರಲ್ಲಿ ಬಂದ ಚಂದ್ರಗಿರಿಯ ವಂಶದಲ್ಲಿ ಟಿಮೋರ್ ಹೈಬ್ರಿಡ್ ಇದೆ.

ಈ ಯಾವ ತಳಿಯನ್ನು ಸೃಷ್ಟಿಸಲೂ ಯಾರಿಗೂ ಡಿಎನ್‌ಎ ಅಕ್ಷರಗಳು, ಅಂದರೆ ಅದರಲ್ಲಿ ಸಾಲಾಗಿ ಕೂತ ರಾಸಾಯನಿಕ ಘಟಕಗಳು, ಗೊತ್ತಿರಬೇಕಾಗಿರಲಿಲ್ಲ. ಗಿಡ ಅಡ್ಡಹಾಯಿಸು, ಸಸಿಗಳಿಗೆ ತುಕ್ಕು ತಗಲಿಸು, ಉಳಿದವನ್ನು ಎಣಿಸು. ವ್ಯಾಖ್ಯೆ ಅಷ್ಟಕ್ಕೇ ನಿಂತಿದ್ದರೂ ತೋಟ ಬೆಳೆದಿದೆ. ಅರೇಬಿಕಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದರಿಂದ ಇಂಥ ಲೆಕ್ಕ ಅದರಲ್ಲಿ ಸಲೀಸು. ರೊಬಸ್ಟಾ ಹೊರಗಿನ ಪರಾಗ ಬೇಡುತ್ತದೆ. ಆದ್ದರಿಂದ ಬೀಜದಿಂದ ಎದ್ದ ಒಂದೊಂದು ಗಿಡವೂ ಒಂದೊಂದು ತರ, ಲೆಕ್ಕ ಅಷ್ಟು ಬೇಗ ಕೈಗೆ ಸಿಗದು.

ಈ ವ್ಯಾಖ್ಯೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ತೋಟವೇ ತೋರಿಸಿದೆ. ಎಸ್.795ಕ್ಕೆ ಮೊದಲು ತುಕ್ಕು ಅಷ್ಟಾಗಿ ತಗಲುತ್ತಿರಲಿಲ್ಲ, ಆಮೇಲೆ ತಗಲಿತು. ಎಸ್‌ಎಚ್3 ಗಿಡದಿಂದ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ದಾಟಬಲ್ಲ ಹೊಸ ಬಗೆಯ ತುಕ್ಕು ಹುಟ್ಟಿತ್ತು. ತುಕ್ಕಿನಲ್ಲಿ ಇಂಥ ಬಗೆಗಳು ಐವತ್ತಕ್ಕೂ ಹೆಚ್ಚು ಗುರುತಾಗಿವೆ. ಅಗಸೆ ಗಿಡದ ತುಕ್ಕಿನ ಮೇಲೆ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಕಂಡುಕೊಂಡಂತೆ, ಗಿಡದ ಒಂದು ಜೀನಿಗೆ ಎದುರಾಗಿ ಶಿಲೀಂಧ್ರದಲ್ಲಿ ಒಂದು ಜೀನ್ ಇರುತ್ತದೆ. ಎರಡೂ ಎದುರುಬದುರಾದಾಗ ಮಾತ್ರ ಗಿಡದ ಜೀನ್ ನಮ್ಮ ಕಣ್ಣಿಗೆ ಕಾಣುತ್ತದೆ. ಹಾಗಾಗಿ "ತುಕ್ಕು ತಡೆಯುವ ಜೀನ್ ಇದೆಯೇ" ಎಂದಷ್ಟೇ ಕೇಳಿದರೆ ಸಾಲದು, "ನಮ್ಮ ಹೋಬಳಿಯಲ್ಲಿ ಈಗ ಇರುವ ತುಕ್ಕಿಗೆ ಅದು ನಿಲ್ಲುತ್ತಿದೆಯೇ" ಎಂದು ಕೇಳಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಲ್ಲಿ ಕೇಳಬೇಕಾದದ್ದೂ ಈ ಎರಡನೆಯ ಪ್ರಶ್ನೆಯನ್ನೇ. ಇನ್ನು ಇಳುವರಿ, ಬರ ತಾಳುವ ಶಕ್ತಿ, ಕಪ್ಪಿನ ರುಚಿ ಇಂಥವಕ್ಕೆ ಒಂದೊಂದು ಜೀನ್ ಹುಡುಕಲು ಈ ವ್ಯಾಖ್ಯೆಯನ್ನು ಬಳಸಬೇಡಿ. ಅವು ಹಲವು ಅಂಶಗಳೂ ನೆರಳು, ಮಣ್ಣು, ಹೂಮಳೆಗಳೂ ಸೇರಿ ಆಗುವಂಥವು.

ಜಾಗವನ್ನೇ ಜೀನ್ ಎನ್ನುವುದು

ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಹಣ್ಣುನೊಣದ ಬಿಳಿ ಕಣ್ಣಿನ ಅಂಶವನ್ನು ಎಕ್ಸ್ ಕ್ರೋಮೋಸೋಮಿಗೆ ಜೋಡಿಸಿದರು (ಕ್ರೋಮೋಸೋಮ್ ಎಂದರೆ ಜೀವಕೋಶದಲ್ಲಿ ಡಿಎನ್‌ಎ ಹೊತ್ತ ಎಳೆ). ಅವರ ಶಿಷ್ಯ ಆಲ್ಫ್ರೆಡ್ ಸ್ಟರ್ಟೆವಂಟ್ 1913ರಲ್ಲಿ ಮೊದಲ ಜೀನ್ ನಕ್ಷೆ ಬರೆದರು. ಅಲ್ಲಿಂದ ಜೀನಿಗೆ ಒಂದು ವಿಳಾಸ ಬಂತು. ತಳಿ ಅಭಿವೃದ್ಧಿಯ ಲ್ಯಾಬಿನವರಿಗೆ ಇದು ಅನುಕೂಲ. ಎಸ್‌ಎಚ್3ರ ಅಕ್ಕಪಕ್ಕದಲ್ಲಿ ಕೂತ ಡಿಎನ್‌ಎ ಗುರುತುಗಳನ್ನು ಪತ್ತೆಹಚ್ಚಿದ್ದಾರೆ. ಎಳೆ ಸಸಿಯ ಎಲೆಯಲ್ಲೇ ಗುರುತು ನೋಡಿ ಗಿಡ ಆರಿಸಬಹುದು, ರೋಗ ತಗಲುವವರೆಗೆ ಕಾಯಬೇಕಿಲ್ಲ. ಆದರೆ ಗುರುತು ಜೀನಿನ ನೆರೆಯಲ್ಲಿರುತ್ತದೆ ಅಷ್ಟೆ. ಯಾವುದೋ ಪೀಳಿಗೆಯಲ್ಲಿ ಎರಡೂ ಬೇರೆಯಾದರೆ ಗುರುತು ಉಳಿದು ಜೀನ್ ಹೋಗಿರಲೂಬಹುದು. ಬೆಳೆಗಾರರು ಇದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ಪ್ರೋಟೀನ್ ಮಾಡುವ ಡಿಎನ್‌ಎ ತುಂಡು

ಬಹುತೇಕರ ತಲೆಯಲ್ಲಿ ಗಟ್ಟಿಯಾಗಿ ಕೂತಿರುವುದು ಇದೇ. ಜಾರ್ಜ್ ಬೀಡಲ್, ಎಡ್ವರ್ಡ್ ಟೇಟಮ್ 1941ರಲ್ಲಿ ಬ್ರೆಡ್ಡಿನ ಬೂಷ್ಟಿನ ಮೇಲೆ ಪ್ರಯೋಗ ಮಾಡಿ ಒಂದು ಜೀನ್ ಒಂದು ಕಿಣ್ವ ಮಾಡುತ್ತದೆ ಎಂದರು. 1953ರಲ್ಲಿ ಡಿಎನ್‌ಎಯ ರಚನೆ ತಿಳಿದಾಗ, ಆಮೇಲೆ ನಮ್ಮ ಹರಗೋಬಿಂದ್ ಖೊರಾನಾ ಮತ್ತಿತರರು ಪ್ರೋಟೀನ್ ಹೇಗೆ ಕಟ್ಟಬೇಕೆಂದು ಹೇಳುವ ಸಂಕೇತದ ಮೂರು ಮೂರು ಅಕ್ಷರಗಳನ್ನು ಬಿಡಿಸಿದಾಗ, ವ್ಯಾಖ್ಯೆ ಪೂರ್ತಿಯಾಯಿತು ಎಂದೇ ಅನ್ನಿಸಿತ್ತು.

ಸಿಕಲ್ ಸೆಲ್ ಕಾಯಿಲೆಗೆ ಈ ವ್ಯಾಖ್ಯೆ ಅಚ್ಚುಕಟ್ಟಾಗಿ ಹೊಂದುತ್ತದೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ಮಾಡುವ ಜೀನ್ 11ನೇ ಕ್ರೋಮೋಸೋಮಿನಲ್ಲಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಆರನೇ ಜಾಗದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಕರ್ನಾಟಕದ ಆದಿವಾಸಿ ಪ್ರದೇಶಗಳನ್ನೂ ಒಳಗೊಂಡಿದೆ. ತಪಾಸಣೆಗೆ ಹಾಡಿಗೆ ಹೋಗುವವರು ವಿವರಿಸಬೇಕಾದದ್ದು ಇಷ್ಟೇ: ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಒಂದು ಪ್ರತಿ ಮಾತ್ರ ಬದಲಾಗಿದ್ದರೆ ವಾಹಕರು, ಎರಡೂ ಬದಲಾಗಿದ್ದರೆ ಕಾಯಿಲೆ. ಇದನ್ನು ನಿಧಾನವಾಗಿ, ಹೆದರಿಸದೆ ಹೇಳಬೇಕು. ವಾಹಕರಾಗಿರುವುದು ರೋಗವಲ್ಲ ಎಂದು ಮತ್ತೆ ಮತ್ತೆ ಹೇಳಬೇಕು. ವಾಹಕಿ ಎಂದು ತಿಳಿದದ್ದಕ್ಕೆ ಹುಡುಗಿಯ ಮದುವೆ ಮುರಿಯುವಂತಾದರೆ ಆ ತಪಾಸಣೆ ಮಾಡಿ ಏನು ಬಂತು?

ಅದೇ ಬೀಟಾ ಜೀನಿನ ತಲಸ್ಸೀಮಿಯಾಕ್ಕೆ, ಅಂದರೆ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಕಾಯಿಲೆಗೆ, ಬಂದರೆ ವ್ಯಾಖ್ಯೆ ಅಲುಗಾಡತೊಡಗುತ್ತದೆ. ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಬೀಟಾ ತಲಸ್ಸೀಮಿಯಾ ದೋಷವನ್ನು ವರದಿಗಳಲ್ಲಿ ಐವಿಎಸ್ 1-5 ಎಂದು ಬರೆಯುತ್ತಾರೆ. ಅದು ಇರುವುದು ಪ್ರೋಟೀನಿನ ಸಂಕೇತದಲ್ಲಿ ಅಲ್ಲ, ಸಂಕೇತದ ನಡುವೆ ಬರುವ ಇಂಟ್ರಾನ್ ಎಂಬ ಭಾಗದಲ್ಲಿ. 1977ರಲ್ಲಿ ಫಿಲಿಪ್ ಶಾರ್ಪ್, ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಜೀನ್ ಎಡೆಬಿಡದ ತುಂಡಲ್ಲ, ಮಧ್ಯೆ ಮಧ್ಯೆ ಕತ್ತರಿಸಿ ಬಿಡುವ ಭಾಗಗಳಿವೆ ಎಂದು ತೋರಿಸಿದ್ದವು. ಕತ್ತರಿಸುವ ಜಾಗದ ಹತ್ತಿರ ಒಂದು ಅಕ್ಷರ ಕೆಟ್ಟರೂ ಕತ್ತರಿ ತಪ್ಪು ಕಡೆ ಬೀಳುತ್ತದೆ. ಇನ್ನೂ ವಿಚಿತ್ರವಾದ ಪ್ರಕರಣಗಳಿವೆ: ಕೆಲವು ತಲಸ್ಸೀಮಿಯಾಗಳಲ್ಲಿ ಬೀಟಾ ಜೀನ್ ತಲೆಯಿಂದ ಬಾಲದವರೆಗೆ ಸರಿಯಾಗಿಯೇ ಇರುತ್ತದೆ, ಹತ್ತಾರು ಸಾವಿರ ಅಕ್ಷರಗಳಷ್ಟು ದೂರದ ನಿಯಂತ್ರಣ ಭಾಗ ಅಳಿಸಿಹೋಗಿರುವುದರಿಂದ ಅದು ಕೆಲಸವನ್ನೇ ಮಾಡುವುದಿಲ್ಲ. ಇಂಥ ಮಗುವಿಗೆ "ಜೀನ್ ಸರಿಯಿದೆ" ಎಂದರೆ ನಿಜವೂ ಹೌದು, ದಾರಿತಪ್ಪಿಸಿದಂತೆಯೂ ಹೌದು.

ಒಂದು ಜೀನಿಗೆ ಒಂದೇ ಪ್ರೋಟೀನ್ ಎಂಬುದೂ ಉಳಿಯಲಿಲ್ಲ. ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಹಣ್ಣುನೊಣದ ಡಿಸ್ಕ್ಯಾಮ್ ಎಂಬ ಒಂದೇ ಜೀನಿನಿಂದ 38,016 ರೂಪಗಳು ಸಾಧ್ಯ.

ಆದರೂ ವೈದ್ಯಕೀಯ ವರದಿ ಓದುವಾಗ ಇಲ್ಲಿಂದಲೇ ಶುರುಮಾಡಿ. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಪರೀಕ್ಷೆ ಪ್ರೋಟೀನ್ ಸಂಕೇತವನ್ನಷ್ಟೇ ಓದಿದೆಯೋ, ಇಂಟ್ರಾನಿನ ಅಂಚನ್ನೂ ನಿಯಂತ್ರಣ ಭಾಗವನ್ನೂ ಓದಿದೆಯೋ? ವರದಿಯಲ್ಲಿ ದೋಷ ಕಂಡುಬಂದಿಲ್ಲ ಎಂಬ ಸಾಲಿಗೆ ಎಷ್ಟು ತೂಕ ಕೊಡಬೇಕು ಎಂಬುದು ಆ ಉತ್ತರದ ಮೇಲಿದೆ.

ಏಲಕ್ಕಿಯ ಕಟ್ಟೆ ರೋಗದಲ್ಲಿ ಎಷ್ಟು ಜೀನ್?

ಏಲಕ್ಕಿ ಬೆಳೆದವರಿಗೆಲ್ಲ ಕಟ್ಟೆ ಗೊತ್ತು. ಎಲೆಯಲ್ಲಿ ಹಸಿರು ಹಳದಿ ಗೀರು, ಕುಗ್ಗಿದ ಗಿಡ, ಕೊನೆಗೆ ಬುಡಸಹಿತ ಕಿತ್ತು ನಾಶಮಾಡುವುದೇ ದಾರಿ. ಗಿಡಹೇನು ಹರಡುವ ಈ ವೈರಸ್ ಪಾಟಿವಿರಿಡೇ ಕುಟುಂಬದ ಮ್ಯಾಕ್ಲುರಾವೈರಸ್ ಕುಲದ್ದು. ಅದರಲ್ಲಿ ಡಿಎನ್‌ಎಯೇ ಇಲ್ಲ, ಇರುವುದು ಡಿಎನ್‌ಎಯನ್ನು ಹೋಲುವ ಆರ್‌ಎನ್‌ಎಯ ಒಂದೇ ಎಳೆ, ಸುಮಾರು ಎಂಟು ಸಾವಿರ ಅಕ್ಷರ ಉದ್ದ. ಡಿಎನ್‌ಎ ತುಂಡು ಎಂಬ ವ್ಯಾಖ್ಯೆ ಮೊದಲ ಹೆಜ್ಜೆಯಲ್ಲೇ ಬಿದ್ದಿತು.

ಸರಿ, ಡಿಎನ್‌ಎ ಬಿಡೋಣ, ಪ್ರೋಟೀನ್ ಲೆಕ್ಕ ಹಿಡಿಯೋಣ. ಆ ಎಳೆಯ ಉದ್ದಕ್ಕೂ ಒಂದೇ ಸಂಕೇತ ಸಾಲು ಓಡುತ್ತದೆ, ಅದರಿಂದ ಒಂದೇ ದೊಡ್ಡ ಪ್ರೋಟೀನ್ ತಯಾರಾಗುತ್ತದೆ. ಹಾಗಾದರೆ ಒಂದು ಜೀನ್. ಆದರೆ ಆ ದೊಡ್ಡ ಪ್ರೋಟೀನನ್ನು ವೈರಸ್‌ನದೇ ಕಿಣ್ವಗಳು ಒಂಬತ್ತು ತುಂಡು ಮಾಡುತ್ತವೆ. ಒಂದು ತುಂಡು ವೈರಸ್‌ನ ಹೊರಕವಚ, ಒಂದು ಪ್ರತಿ ಮಾಡುವಂಥದ್ದು. ಹಾಗಾದರೆ ಒಂಬತ್ತು ಜೀನ್. 2008ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು: ಈ ಕುಟುಂಬದ ವೈರಸ್‌ಗಳ ಅದೇ ಸಾಲಿನ ಮಧ್ಯೆ, ಅಕ್ಷರಗಳನ್ನು ಒಂದು ಹೆಜ್ಜೆ ಸರಿಸಿ ಓದಿದರೆ ಸಿಗುವ ಚಿಕ್ಕ ಸಂಕೇತವೊಂದು ಅಡಗಿದೆ, ಅದಕ್ಕೆ ಪೀಪೋ ಎಂದು ಹೆಸರಿಟ್ಟರು. ಇದು ಬೇರೆ ಜೀನಿನ ಮೇಲೆಯೇ ಕೂತ ಜೀನ್. ಹಾಗಾದರೆ ಹತ್ತು. ಒಂದು, ಒಂಬತ್ತು, ಹತ್ತು: ಮೂರಕ್ಕೂ ಆಧಾರವಿದೆ. ಸೀಮೋರ್ ಬೆಂಜರ್ 1950ರ ದಶಕದಲ್ಲೇ ವೈರಸ್ ಮೇಲೆ ಪ್ರಯೋಗ ಮಾಡಿ, ಕೆಲಸದ ಘಟಕ, ಅದಲುಬದಲಾಗುವ ಘಟಕ, ರೂಪಾಂತರದ ಘಟಕ ಮೂರೂ ಒಂದೇ ಅಳತೆಯವಲ್ಲ ಎಂದು ತೋರಿಸಿ ಕೆಲಸದ ಘಟಕವನ್ನು ಸಿಸ್ಟ್ರಾನ್ ಎಂದು ಕರೆದಿದ್ದರು. ಕಟ್ಟೆಯ ಎದುರು ಆ ಎಚ್ಚರಿಕೆ ಎಷ್ಟು ಸರಿ ಅನ್ನಿಸುತ್ತದೆ.

ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದಂಥ ಕಡೆ ವೈರಸ್ ಪತ್ತೆಹಚ್ಚುವವರಿಗೆ ಈ ಎಣಿಕೆ ಮುಖ್ಯವಲ್ಲ. ಅವರಿಗೆ ಯಾವ ಭಾಗ ಬೇಕೋ ಆ ಭಾಗದ ಹೆಸರು ಹೇಳುತ್ತಾರೆ. ಇದೇ ಸರಿಯಾದ ರೂಢಿ ಎಂದು ನನಗನ್ನಿಸುತ್ತದೆ: ಎಣಿಕೆ ಜಗಳವಾದಾಗ ಎಣಿಕೆ ಬಿಟ್ಟು ತುಂಡನ್ನು ಹೆಸರಿಸುವುದು.

ಬದಲಾವಣೆ ಒಂದು ಕಡೆ, ಹೆಸರು ಇನ್ನೊಂದರದು

ಕೊಡಗಿನ ಕಿತ್ತಳೆಯ ಬೀಜವೊಂದರಿಂದ ಒಂದಕ್ಕಿಂತ ಹೆಚ್ಚು ಮೊಳಕೆ ಏಳುವುದನ್ನು ನರ್ಸರಿ ಮಾಡಿದವರು ನೋಡಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ತದ್ರೂಪ. ಸಿಟ್ರಸ್ ಕುಲದ ಈ ಗುಣವನ್ನು 2017ರಲ್ಲಿ ಸಿಟ್ ಆರ್‌ಡಬ್ಲ್ಯುಪಿ ಎಂಬ ಜೀನಿಗೆ ಜೋಡಿಸಿದರು. ಆದರೆ ವ್ಯತ್ಯಾಸ ಪ್ರೋಟೀನಿನ ಸಂಕೇತದಲ್ಲಿ ಇರಲಿಲ್ಲ. ಅದಕ್ಕೂ ಮೊದಲು ಬರುವ, ಜೀನನ್ನು ಕೆಲಸಕ್ಕೆ ಹಚ್ಚುವ ಭಾಗದಲ್ಲಿ ಹೊರಗಿನ ಚಿಕ್ಕ ಡಿಎನ್‌ಎ ತುಂಡೊಂದು ಬಂದು ಸೇರಿಕೊಂಡಿತ್ತು.

ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿಯ ಕತೆ ಇನ್ನೂ ಸಿಕ್ಕುಸಿಕ್ಕು. ಹಾಲಿನ ಸಕ್ಕರೆ ಒಡೆಯುವ ಕಿಣ್ವದ ಜೀನ್ ಒಂದು ಕಡೆ ಇದೆ. ಅದನ್ನು ಮುಂದೆಯೂ ನಡೆಸುವ ಅಕ್ಷರ ಬದಲಾವಣೆ ಸುಮಾರು 14 ಸಾವಿರ ಅಕ್ಷರ ದೂರದಲ್ಲಿ, ಎಂಸಿಎಂ6 ಎಂಬ ಸಂಬಂಧವಿಲ್ಲದ ಇನ್ನೊಂದು ಜೀನಿನ ಇಂಟ್ರಾನಿನೊಳಗೆ ಇದೆ. ಯುರೋಪಿನಲ್ಲಿ ಕಂಡ ಇದೇ ಬದಲಾವಣೆ ಭಾರತದಲ್ಲೂ ಸಿಕ್ಕಿದೆ. ಕೈಗೆ ಆರನೇ ಬೆರಳು ಬರಿಸುವ ಕೆಲವು ಬದಲಾವಣೆಗಳಂತೂ ತಾವು ನಿಯಂತ್ರಿಸುವ ಜೀನಿನಿಂದ ಸುಮಾರು ಹತ್ತು ಲಕ್ಷ ಅಕ್ಷರ ದೂರದಲ್ಲಿವೆ, ಅವೂ ಬೇರೊಂದು ಜೀನಿನ ಒಡಲಲ್ಲಿ. ಹಾಲಿನ ಜೀನ್ ಎಲ್ಲಿದೆ ಎಂದರೆ ಎರಡು ಕಡೆ ಬೆರಳು ತೋರಿಸಬೇಕು.

ತತ್ವಶಾಸ್ತ್ರಜ್ಞ ಲೆನ್ನಿ ಮಾಸ್ ಇಲ್ಲಿ ಒಂದು ಉಪಯುಕ್ತ ವಿಂಗಡಣೆ ಕೊಟ್ಟಿದ್ದಾರೆ. ಒಂದು ಗುಣ ಬರುತ್ತದೋ ಇಲ್ಲವೋ ಎಂದು ಮುಂಚೆಯೇ ಹೇಳಲು ಬಳಸುವ ಜೀನ್ ಒಂದು, ದೇಹ ಬೆಳೆಯುವಾಗ ಕಚ್ಚಾವಸ್ತುವಿನಂತೆ ಬಳಕೆಯಾಗುವ ಡಿಎನ್‌ಎ ತುಂಡು ಇನ್ನೊಂದು. ಎರಡನ್ನೂ ಬೆರೆಸಿದಾಗಲೇ "ಬುದ್ಧಿಯ ಜೀನ್", "ಕೋಪದ ಜೀನ್" ಎಂಬ ಮಾತುಗಳು ಹುಟ್ಟುತ್ತವೆ. ಮದುವೆ ಮನೆಯ ನೆಯ್‌ಕೂಳಿಗೆ (ತುಪ್ಪದನ್ನಕ್ಕೆ) ಪರಿಮಳದ ಅಕ್ಕಿ ಆರಿಸುವವರಿಗೆ ಗೊತ್ತಾದರೆ ಅಚ್ಚರಿಯಾದೀತು: ಬಾಸ್ಮತಿಯಂಥ ಅಕ್ಕಿಯ "ಪರಿಮಳದ ಜೀನ್" ಎನ್ನುವುದು ಪರಿಮಳ ಮಾಡುವ ಜೀನೇ ಅಲ್ಲ. ಬಿಎಡಿಎಚ್2 ಎಂಬ ಜೀನಿನಲ್ಲಿ ಎಂಟು ಅಕ್ಷರ ಬಿದ್ದುಹೋಗಿ ಅದು ಕೆಟ್ಟಿದೆ, ಕೆಟ್ಟಿರುವುದರಿಂದ ಪರಿಮಳದ ವಸ್ತು ಉಳಿದುಕೊಳ್ಳುತ್ತದೆ. ತಳಿ ಆರಿಸುವವರಿಗೆ ಪರಿಮಳದ ಜೀನ್ ಎಂಬ ಮಾತು ಸಾಕು. ಪರಿಮಳ ಹೇಗೆ ಬರುತ್ತದೆ ಎಂದು ತಿಳಿಯಬೇಕಾದವರಿಗೆ ಅದು ತಲೆಕೆಳಗು ಮಾತು. ಮೆಂಡೆಲ್‌ನ ಸುಕ್ಕು ಬಟಾಣಿಯದೂ ಇದೇ ಕತೆ, ಪಿಷ್ಟ ಕಟ್ಟುವ ಕಿಣ್ವದ ಜೀನಿನೊಳಗೆ ಬೇರೊಂದು ಡಿಎನ್‌ಎ ತೂರಿಕೊಂಡು ಅದನ್ನು ಕೆಡಿಸಿದೆ.

ಎಲ್ಲವನ್ನೂ ಒಳಗೊಳ್ಳುವ ವ್ಯಾಖ್ಯೆ

2007ರಲ್ಲಿ ಮಾರ್ಕ್ ಗರ್ಸ್ಟೀನ್ ಮತ್ತು ಜೊತೆಗಾರರು ಒಂದು ವ್ಯಾಖ್ಯೆ ಮುಂದಿಟ್ಟರು. ಅದರ ಸಾರ: ಪರಸ್ಪರ ಹೊಂದಿಕೊಂಡ, ಒಂದರ ಮೇಲೊಂದು ಬಿದ್ದಿರಲೂಬಹುದಾದ, ಕೆಲಸಕ್ಕೆ ಬರುವ ಉತ್ಪನ್ನಗಳ ಒಂದು ಗುಂಪಿಗೆ ಸಂಕೇತ ಕೊಡುವ ಜೀನೋಮಿನ (ಜೀವಿಯ ಒಟ್ಟು ಡಿಎನ್‌ಎಯ) ಭಾಗಗಳ ಒಟ್ಟು ಮೊತ್ತವೇ ಒಂದು ಜೀನ್. ಪ್ರೋಟೀನ್ ಆಗದೆ ಆರ್‌ಎನ್‌ಎಯಾಗಿಯೇ ಕೆಲಸ ಮಾಡುವವೂ ಇದರಲ್ಲಿ ಸೇರಿದವು. ಅಂಥ ಚಿಕ್ಕ ಆರ್‌ಎನ್‌ಎಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್‌ಕುನ್ ಅವರಿಗೆ 2024ರ ನೊಬೆಲ್ ಬಂದಿದೆ, ಅವನ್ನು ಹೊರಗಿಡಲು ಸಾಧ್ಯವೇ ಇಲ್ಲ. ನಿಯಂತ್ರಣ ಭಾಗಗಳನ್ನು ಮಾತ್ರ ಈ ವ್ಯಾಖ್ಯೆ ಜೀನಿನ ಹೊರಗೆ ಜೊತೆಗಾರರಂತೆ ಇಡುತ್ತದೆ.

ಜೀನೋಮ್ ಮೇಲೆ ಕೆಲಸ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಎಣಿಕೆಗೆ ಬಂದಾಗ ಅದರ ಪರಿಣಾಮ ದೊಡ್ಡದು. ಮನುಷ್ಯರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20 ಸಾವಿರ. ಆರ್‌ಎನ್‌ಎ ಜೀನ್‌ಗಳನ್ನೂ ಸೇರಿಸಿದರೆ ಸಂಖ್ಯೆ ಅದರ ಎರಡು ಪಟ್ಟು ದಾಟುತ್ತದೆ. 2014ರಲ್ಲಿ ಪ್ರಕಟವಾದ ರೊಬಸ್ಟಾ ಜೀನೋಮಿನಲ್ಲಿ ಪ್ರೋಟೀನ್ ಜೀನ್‌ಗಳು ಸುಮಾರು 25,500. ಅರೇಬಿಕಾದಲ್ಲಿ ರೊಬಸ್ಟಾದ ಕಡೆಯದು ಒಂದು, ಯುಜೀನಿಯಾಯ್ಡಿಸ್ ಜಾತಿಯ ಕಡೆಯದು ಒಂದು, ಹೀಗೆ ಎರಡು ಜೀನೋಮ್ ಕೂಡಿವೆ. ಹಾಗಾಗಿ ರೊಬಸ್ಟಾದ 22 ಕ್ರೋಮೋಸೋಮಿಗೆ ಎದುರಾಗಿ ಅದರಲ್ಲಿ 44. ಎರಡೂ ಕಡೆಯಿಂದ ಬಂದ ಒಂದೇ ಬಗೆಯ ಜೀನನ್ನು ಒಂದು ಎಂದು ಎಣಿಸಬೇಕೋ ಎರಡು ಎಂದೋ? ಕ್ರೋಮೋಸೋಮಿನ ಜಾಗ ಎಣಿಸುವವರಿಗೆ ಎರಡು. ತೋಟದಲ್ಲಿ ಅವೆರಡೂ ಒಂದೇ ಕೆಲಸ ಮಾಡುತ್ತಿದ್ದರೆ, ಒಂದು ಕೆಟ್ಟರೂ ಗಿಡದಲ್ಲಿ ಏನೂ ಕಾಣದೆ ಹೋಗಬಹುದು. ಆಗ ಮೆಂಡೆಲ್‌ನ ಎಣಿಕೆಗೆ ಅವು ಸಿಕ್ಕುವುದೇ ಇಲ್ಲ.

ಜಾರ್ಜ್ ವಿಲಿಯಮ್ಸ್ 1966ರಲ್ಲಿ ಕೊಟ್ಟ ವಿಕಾಸವಾದದ ವ್ಯಾಖ್ಯೆ, ಅಂದರೆ ಪೀಳಿಗೆಗಳ ಉದ್ದಕ್ಕೂ ತುಂಡಾಗದೆ ಉಳಿದು ಆಯ್ಕೆಗೆ ಒಳಗಾಗುವಷ್ಟು ಬಾಳುವ ಯಾವುದೇ ಭಾಗ, ವಿಕಾಸದ ಚರ್ಚೆಗೆ ಸರಿ. ತೋಟಕ್ಕಾಗಲಿ ಆಸ್ಪತ್ರೆಗಾಗಲಿ ಅದನ್ನು ತರಬೇಡಿ.

ಪಿಯುಸಿ ಮಕ್ಕಳಿಗೆ

ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಪಠ್ಯ ಜೀನನ್ನು ಆನುವಂಶೀಯತೆಯ ಕಾರ್ಯಘಟಕ ಎನ್ನುತ್ತದೆ, ಟಿ-ಆರ್‌ಎನ್‌ಎ, ಆರ್-ಆರ್‌ಎನ್‌ಎಗಳಿಗೆ ಸಂಕೇತ ಕೊಡುವ ತುಂಡನ್ನೂ ಸೇರಿಸುತ್ತದೆ, ಸಿಸ್ಟ್ರಾನನ್ನು ಪಾಲಿಪೆಪ್ಟೈಡ್‌ಗೆ (ಪ್ರೋಟೀನಿನ ಸರಪಳಿಗೆ) ಸೀಮಿತ ಮಾಡುತ್ತದೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಜೀನನ್ನು ಡಿಎನ್‌ಎ ಅನುಕ್ರಮದ ಮೂಲಕ ಕರಾರುವಾಕ್ಕಾಗಿ ವ್ಯಾಖ್ಯಾನಿಸುವುದು ಕಷ್ಟ ಎಂದು ಅದೇ ಪಠ್ಯ ಒಪ್ಪಿಕೊಳ್ಳುತ್ತದೆ. ಆ ಸಾಲನ್ನು ಗೈಡ್ ಪುಸ್ತಕದಲ್ಲಿ ಹುಡುಕಬೇಡಿ, ಮೂಲ ಪಠ್ಯದಲ್ಲಿ ಓದಿ. ಕಟ್ಟೆಯ ಉದಾಹರಣೆ ಹಿಡಿದು ಮೇಷ್ಟ್ರ ಹತ್ತಿರ ವಾದ ಮಾಡಿ. ಒಳ್ಳೆಯ ಮೇಷ್ಟ್ರಿಗೆ ಖುಷಿಯೇ ಆಗುತ್ತದೆ.

ವಂಶದ ವರದಿ ತರಿಸುವವರಿಗೆ

ಇಂಥ ವರದಿಗಳಲ್ಲಿ "ನಿಮ್ಮ ಜೀನ್ ಹೀಗೆ ಹೇಳುತ್ತದೆ" ಎಂದು ಬರೆದಿರುತ್ತದೆ. ಅವು ನೋಡುವುದು ಬಿಡಿ ಅಕ್ಷರಗಳ ವ್ಯತ್ಯಾಸವನ್ನು. ಅವುಗಳಲ್ಲಿ ಹೆಚ್ಚಿನವು ಮೇಲೆ ಹೇಳಿದ ಯಾವ ವ್ಯಾಖ್ಯೆಯಲ್ಲೂ ಜೀನ್ ಆಗುವುದಿಲ್ಲ, ಬರೀ ಗುರುತುಗಳು. ಯಾವ ಗುಣವನ್ನೂ ಅವು ತರುವುದಿಲ್ಲ. ಆದ್ದರಿಂದ ಕೊಡವರ ಜೀನ್, ಗೌಡರ ಜೀನ್ ಎಂಬ ಮಾತಿಗೆ ಈ ಹಾಳೆಯಿಂದ ಆಧಾರ ಸಿಗದು.

ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಹೋಗುತ್ತದೆ, ಒಕ್ಕದ ಹೆಸರೂ ಹಾಗೆಯೇ ಸಾಗುತ್ತದೆ. ಅದಕ್ಕೇ ಕೊಡಗಿನಲ್ಲಿ ಇದರ ಆಕರ್ಷಣೆ ಹೆಚ್ಚು. ಎರಡು ಸಂಗತಿ ನೆನಪಿನಲ್ಲಿರಲಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ವೈ ಕ್ರೋಮೋಸೋಮ್ ಅದರಲ್ಲಿ ಒಬ್ಬರ ಸುದ್ದಿಯನ್ನಷ್ಟೇ ಹೇಳುತ್ತದೆ, ಅಜ್ಜಿಯರ ಸುದ್ದಿ ಅದರಲ್ಲಿ ಒಂದೂ ಇಲ್ಲ. ಇನ್ನು, ಗಂಡು ಸಂತಾನವಿಲ್ಲದ ಒಕ್ಕಗಳು ಒಕ್ಕಪರಿಜೆ, ಮಕ್ಕಪರಿಜೆ ಕ್ರಮದಿಂದ ಮಗಳ ಮಕ್ಕಳ ಮೂಲಕ ಮುಂದುವರಿದಿವೆ. ಅಲ್ಲಿ ಮಗ ಹೊರುವ ಹೆಸರು ತಾಯಿಯ ಒಕ್ಕದ್ದು, ವೈ ಕ್ರೋಮೋಸೋಮ್ ತಂದೆಯ ಒಕ್ಕದ್ದು. ವರದಿಯೂ ಒಕ್ಕದ ಹೆಸರೂ ತಾಳೆಯಾಗದಿದ್ದರೆ ಯಾರನ್ನೂ ಅನುಮಾನಿಸುವ ಮೊದಲು ಜಮ್ಮಾ (ಒಕ್ಕದ ವಂಶಪಾರಂಪರ್ಯ ಭೂಮಿಯ) ದಾಖಲೆ ತೆಗೆದು, ಹಿರಿಯರನ್ನು ಕೇಳಿ, ಹಿಂದೆ ಎಲ್ಲಾದರೂ ಮಕ್ಕಪರಿಜೆ ಮದುವೆ ಆಗಿತ್ತೇ ಎಂದು ನೋಡಿ.